ಈ ಪುಟ ಓದಿ ನೋಡು: ಮಕ್ಕಳ ಕಾದಂಬರಿಯ ಖುಷಿ ಹಂಚಿಕೊಳ್ಳುವ ಬಗೆ

ಅಕ್ಕನ ಮಗಳಿಗೆ ಹತ್ತು ತುಂಬಿದಾಗ ನನಗೆ ಬಲು ಇಷ್ಟವಾದ ಕಾದಂಬರಿಯೊಂದನ್ನು ಅವಳ ಕೈಗಿಟ್ಟೆ. ಕೊಟ್ಟು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇರಲಿಲ್ಲ. ಅದು ಎಷ್ಟು ಚೆನ್ನಾಗಿದೆ, ಗೆಳೆತನದ ಬಗ್ಗೆ ಎಷ್ಟು ಆಳವಾಗಿ ಹೇಳುತ್ತದೆ, ಕೊನೆಗೆ ಆ ಹುಡುಗ ಏನು ಮಾಡುತ್ತಾನೆ ಅಂತೆಲ್ಲ ಹತ್ತು ನಿಮಿಷ ಕೊರೆದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಕಥೆಯೆಲ್ಲ ನೀನೇ ಹೇಳಿಬಿಟ್ಟೆಯಲ್ಲ ಚಿಕ್ಕಮ್ಮ" ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಆಡಲು ಹೋದಳು. ಎಂಟು ತಿಂಗಳು ಅದು ಅಲ್ಲಿಂದ ಅಲುಗಲಿಲ್ಲ. ಆಮೇಲೊಂದು ಸಂಜೆ ನಾನು ಅದೇ ಪುಸ್ತಕದ ಅರ್ಧ ಪುಟವನ್ನು ನನ್ನಷ್ಟಕ್ಕೆ ನಗುತ್ತಾ ಓದಿಕೊಳ್ಳುತ್ತಿದ್ದಾಗ, "ಏನದು, ನನಗೂ ತೋರಿಸು" ಅಂತ ಬಂದಳು. ಆ ಅರ್ಧ ಪುಟ ತೋರಿಸಿದೆ, ಅಷ್ಟೇ. ಮರುದಿನ ಪುಸ್ತಕ ಮೇಜಿನ ಮೇಲಿರಲಿಲ್ಲ.

ಪುಸ್ತಕ ಚೆನ್ನಾಗಿದೆ ಎಂಬ ತೀರ್ಪನ್ನು ಯಾರಿಗೂ ದಾಟಿಸಲಾಗದು, ಪುಸ್ತಕದೊಳಗಿನ ಒಂದು ಜಾಗವನ್ನು ಮಾತ್ರ ದಾಟಿಸಬಹುದು ಎಂದು ನನಗೆ ಹೊಳೆದದ್ದು ಅಂದು. ಕೆಳಗೆ ಹೇಳುವ ಹೆಜ್ಜೆಗಳೆಲ್ಲ ಅಲ್ಲಿಂದ ಹುಟ್ಟಿದವು. ದೊಡ್ಡವರು ಮಕ್ಕಳಿಗೆ, ಮಕ್ಕಳು ಮಕ್ಕಳಿಗೆ, ದೊಡ್ಡವರು ದೊಡ್ಡವರಿಗೆ ಹೇಳುವಾಗಲೂ ಇವು ಹೊಂದುತ್ತವೆ.

ಮೊದಲಿಗೆ, ಯಾವ ಪುಸ್ತಕಗಳು

ಪ್ರಕಾಶಕರು ಮಿಡಲ್ ಗ್ರೇಡ್ ಎಂದು ಕರೆಯುವ ಕಾದಂಬರಿಗಳು ಸುಮಾರು 8ರಿಂದ 12 ವರ್ಷದ ಓದುಗರಿಗಾಗಿ ಬರೆದವು. ಚಿತ್ರಪುಸ್ತಕದ ಹಂತ ದಾಟಿದ, ಹದಿಹರೆಯದ ಕಾದಂಬರಿಯ ಹೊಸ್ತಿಲು ಇನ್ನೂ ಮೆಟ್ಟದ ವಯಸ್ಸು ಅದು. ಇಂಗ್ಲಿಷಿನಲ್ಲಾದರೆ ಸಾಮಾನ್ಯವಾಗಿ 30,000ದಿಂದ 50,000 ಪದಗಳ ಉದ್ದ. ಮಾಯಾಲೋಕದ ಕಥೆಗಳು ಇದನ್ನು ಮೀರಿ ಬೆಳೆಯುವುದೂ ಉಂಟು. ಕಥಾನಾಯಕರ ವಯಸ್ಸು ಹೆಚ್ಚಾಗಿ ಹತ್ತರಿಂದ ಹದಿಮೂರು. ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಓದಲು ಇಷ್ಟಪಡುತ್ತಾರೆ, ಚಿಕ್ಕವರ ಕಥೆ ಅಂದರೆ ಮೂಗು ಮುರಿಯುತ್ತಾರೆ. ಎಂಟು ವರ್ಷದವಳಿಗೆ ಹತ್ತು ವರ್ಷದ ನಾಯಕಿ ನಡೆಯುತ್ತಾಳೆ, ಹನ್ನೆರಡರವನಿಗೆ ಒಂಬತ್ತರ ನಾಯಕ ನಡೆಯುವುದಿಲ್ಲ. ಪುಸ್ತಕ ಆರಿಸುವಾಗ ಇದೊಂದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಈ ಕಥೆಗಳಲ್ಲಿ ಅಪ್ಪ ಅಮ್ಮಂದಿರು ಯಾಕೆ ಊರಲ್ಲಿಲ್ಲ, ಕಾಯಿಲೆ ಬಿದ್ದಿರುತ್ತಾರೆ, ಇಲ್ಲವೇ ಸತ್ತೇಹೋಗಿರುತ್ತಾರೆ ಅಂತ ಕೆಲವರಿಗೆ ಅಸಮಾಧಾನ. ಕಾರಣ ಸರಳ. ದೊಡ್ಡವರು ಪಕ್ಕದಲ್ಲೇ ಇದ್ದರೆ ಬಿಕ್ಕಟ್ಟನ್ನು ಅವರೇ ಬಿಡಿಸಿಬಿಡುತ್ತಾರೆ, ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ.

ಇನ್ನು, ದೊಡ್ಡವರು ಇವನ್ನು ಓದಲು ನಾಚಬೇಕಿಲ್ಲ. ನಾರ್ನಿಯಾ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್ 1952ರ ಒಂದು ಉಪನ್ಯಾಸದಲ್ಲಿ, ಮಕ್ಕಳಿಗೆ ಮಾತ್ರ ರುಚಿಸುವ ಮಕ್ಕಳ ಕಥೆ ಒಳ್ಳೆಯ ಕಥೆಯೇ ಅಲ್ಲ ಎಂಬರ್ಥದ ಮಾತಾಡಿದ್ದರು. ಹತ್ತರ ವಯಸ್ಸಿನಲ್ಲಿ ತಾನು ಕಿನ್ನರಿ ಕಥೆಗಳನ್ನು ಕದ್ದು ಓದುತ್ತಿದ್ದುದಾಗಿಯೂ ಐವತ್ತರಲ್ಲಿ ರಾಜಾರೋಷವಾಗಿ ಓದುತ್ತಿರುವುದಾಗಿಯೂ ಹೇಳಿಕೊಂಡಿದ್ದರು.

ಎಲ್ಲಿಂದ ಶುರುಮಾಡುವುದು ಎಂದು ತಿಳಿಯದಿದ್ದರೆ ಪ್ರಶಸ್ತಿ ಪಟ್ಟಿಗಳು ಒಂದು ದಾರಿ. ಅಮೆರಿಕದ ನ್ಯೂಬೆರಿ ಪದಕವನ್ನು 1922ರಿಂದ ಕೊಡುತ್ತಿದ್ದಾರೆ, ಬ್ರಿಟನ್ನಿನ ಕಾರ್ನೆಗಿ ಪದಕ 1936ರಲ್ಲಿ ಶುರುವಾಯಿತು. ಎರಡನ್ನೂ ಆರಿಸುವುದು ಗ್ರಂಥಪಾಲಕರು, ಅಂದರೆ ದೊಡ್ಡವರು. ಹಾಗಾಗಿ ಪದಕ ಬಂದ ಪುಸ್ತಕವೆಲ್ಲ ಮಕ್ಕಳ ಮೆಚ್ಚಿನದು ಅಂದುಕೊಳ್ಳಬೇಡಿ. ಮಗುವೊಂದು ಹಾಳೆ ಸವೆಯುವಷ್ಟು ಸಲ ಓದಿದ ಪುಸ್ತಕ ಕಂಡರೆ, ಪದಕವಿಲ್ಲದಿದ್ದರೂ ಅದನ್ನೇ ಮೊದಲು ಎತ್ತಿಕೊಳ್ಳಿ.

ಓದುವಾಗ ಚೀಟಿ ಇಡಿ

ಪುಸ್ತಕ ಮುಗಿಸಿ ಎರಡು ವಾರವಾದ ಮೇಲೆ ನೆನಪಿರುವುದು "ತುಂಬಾ ಚೆನ್ನಾಗಿತ್ತು" ಎಂಬುದೊಂದೇ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಅದಕ್ಕೇ ಓದುತ್ತಿರುವಾಗಲೇ ಕಾಗದದ ತುಂಡುಗಳನ್ನು ಹತ್ತಿರ ಇಟ್ಟುಕೊಳ್ಳಿ. ಎಲ್ಲಿ ನಕ್ಕಿರಿ, ಎಲ್ಲಿ ಪುಸ್ತಕ ಮಡಚಿ ಕಿಟಕಿ ಕಡೆ ನೋಡಿದಿರಿ, ಎಲ್ಲಿ ಪಾತ್ರದ ಮೇಲೆ ಸಿಟ್ಟು ಬಂತು, ಎಲ್ಲಿ ಅರ್ಥವೇ ಆಗಲಿಲ್ಲ, ಅಲ್ಲೊಂದು ಚೀಟಿ. ಚೀಟಿಯ ಮೇಲೆ ಮೂರು ನಾಲ್ಕು ಪದ ಸಾಕು: "ಸುಳ್ಳು ಹೇಳಿದ!", "ಇದು ಬೇಕಿತ್ತಾ?", "ಅಜ್ಜಿ ಯಾಕೆ ಸುಮ್ಮನಾದಳು?" ವಾಕ್ಯ ಬರೆಯಲು ಕೂತರೆ ಓದು ನಿಂತುಹೋಗುತ್ತದೆ.

ಇಡೀ ಪುಸ್ತಕಕ್ಕೆ ಏಳೆಂಟಕ್ಕಿಂತ ಹೆಚ್ಚು ಚೀಟಿ ಬೇಡ. ಮೊದಮೊದಲು ನಾನು ನಲವತ್ತು ಇಡುತ್ತಿದ್ದೆ, ಪುಸ್ತಕ ಮುಳ್ಳುಹಂದಿಯ ಹಾಗೆ ಕಾಣುತ್ತಿತ್ತು. ಅಷ್ಟೊಂದು ಕಡೆ ಗುರುತು ಹಾಕುವುದೂ ಒಂದೇ, ಎಲ್ಲೂ ಹಾಕದಿರುವುದೂ ಒಂದೇ.

ಎರಡು ನಿಮಿಷದಲ್ಲಿ ಹೇಳುವುದು

ಈಗ ಆ ಚೀಟಿಗಳಲ್ಲಿ ಒಂದನ್ನು ಆರಿಸಿ. ಒಂದೇ ಒಂದು. ಅದು ಪುಸ್ತಕದ ಮೊದಲ ಕಾಲು ಭಾಗದೊಳಗಿದ್ದರೆ ಒಳ್ಳೆಯದು, ಯಾಕೆಂದರೆ ಅಲ್ಲಿಯವರೆಗಿನದನ್ನು ಹೇಳಿದರೆ ಯಾವ ಗುಟ್ಟೂ ರಟ್ಟಾಗುವುದಿಲ್ಲ. ಆ ಕ್ಷಣದಲ್ಲಿ ಯಾರು ಇದ್ದಾರೆ, ಅವರಿಗೆ ಏನು ಬೇಕು, ಏನು ಅಡ್ಡ ಬಂದಿದೆ, ಇಷ್ಟು ಹೇಳಿ ಬಾಯಿ ಮುಚ್ಚಿ.

ಇಲ್ಲದ ಪುಸ್ತಕವೊಂದನ್ನು ಇದೆ ಅಂದುಕೊಂಡು ನೋಡೋಣ. ಹೀಗೆ ಹೇಳಬಹುದು: "ಇದು ಪ್ರಾಮಾಣಿಕತೆಯ ಮಹತ್ವವನ್ನು ಸಾರುವ, ಅಣ್ಣ ತಮ್ಮಂದಿರ ಬಾಂಧವ್ಯದ ಮನಮುಟ್ಟುವ ಕಥೆ." ಕೇಳಿದ ಹನ್ನೊಂದು ವರ್ಷದವನು ಆಕಳಿಸುತ್ತಾನೆ. ಹೀಗೂ ಹೇಳಬಹುದು: "ಒಬ್ಬ ಹುಡುಗ, ನಮ್ಮಣ್ಣ ಭಾರೀ ಈಜುಗಾರ, ಪದಕ ಗೆದ್ದಿದ್ದಾನೆ ಅಂತ ಶಾಲೆಯಲ್ಲೆಲ್ಲ ಬುರುಡೆ ಬಿಟ್ಟಿರ್ತಾನೆ. ನಾಳೆ ಬೆಳಿಗ್ಗೆ ಅಣ್ಣ ಶಾಲೆಗೆ ಬರ್ತಿದ್ದಾನೆ. ಈಜುಕೊಳದ ಹತ್ತಿರ ಎಲ್ಲರೂ ಕಾಯ್ತಿದ್ದಾರೆ. ಅಣ್ಣನಿಗೆ ನೀರು ಕಂಡರೇ ನಡುಕ." ಮುಂದೆ ಏನಾಯ್ತು ಎಂದು ಕೇಳಿದರೆ ಪುಸ್ತಕ ಕೈಗೆ ಕೊಡಿ. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಬೇರೆ ಕಡೆ ತಪ್ಪಿರಬಹುದು, ಇಲ್ಲಿ ಅದೇ ಮರ್ಯಾದೆ.

ಎರಡನೆಯ ಬಗೆಯಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ, ಗಮನಿಸಿ. "ಅದ್ಭುತ", "ಮನಮುಟ್ಟುವ", "ಎಲ್ಲರೂ ಓದಲೇಬೇಕಾದ" ಎಂಬ ಪದಗಳು ಬಾಯಿಗೆ ಬಂದಾಗಲೆಲ್ಲ ಅವುಗಳ ಜಾಗದಲ್ಲಿ ಕಥೆಯ ಒಂದು ವಸ್ತುವನ್ನು ಇಡಿ. ಮುರಿದ ಸೈಕಲ್ಲು, ಕಾಣೆಯಾದ ಬೆಕ್ಕು, ಬಾಗಿಲಿಲ್ಲದ ಕೋಣೆ. ಕೇಳುವವರು ಹಿಡಿದುಕೊಳ್ಳುವುದು ಅದನ್ನೇ.

ಅಂತ್ಯ ಹೇಳಬಹುದೇ

ಸಾಮಾನ್ಯವಾಗಿ ಬೇಡ. ಆದರೆ ಇದಕ್ಕೆ ಒಂದು ಮುಖ್ಯವಾದ ವಿನಾಯಿತಿ ಇದೆ, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಈ ವಯಸ್ಸಿನ ಕಾದಂಬರಿಗಳಲ್ಲಿ ಸಾವು ನಾವು ನೆನೆಯುವುದಕ್ಕಿಂತ ಹೆಚ್ಚು ಬರುತ್ತದೆ. ಇ. ಬಿ. ವೈಟ್ ಅವರ 'ಷಾರ್ಲಟ್ಸ್ ವೆಬ್' 1952ರದು. ಅದರಲ್ಲಿ ಜೇಡ ಸಾಯುತ್ತದೆ, ಆದರೆ ಆ ಹೊತ್ತಿಗೆ ಕಥೆ ಓದುಗರನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಬಂದಿರುತ್ತದೆ. ಕ್ಯಾಥರಿನ್ ಪ್ಯಾಟರ್ಸನ್ ಅವರ 1977ರ 'ಬ್ರಿಜ್ ಟು ಟೆರಬಿಥಿಯಾ'ದಲ್ಲಿ ಹಾಗಲ್ಲ. ಸಾವು ಬಂದೆರಗುವುದು ಯಾವ ಮುನ್ಸೂಚನೆಯೂ ಇಲ್ಲದೆ, ಬದುಕಿನಲ್ಲಿ ಬರುವ ಹಾಗೆಯೇ. ಆ ಆಘಾತವೇ ಆ ಪುಸ್ತಕದ ಸತ್ಯ ಅನ್ನುವವರ ಜೊತೆ ನಾನೂ ಇದ್ದೇನೆ. ಆದರೂ ಮೊನ್ನೆ ಮೊನ್ನೆ ತನ್ನವರನ್ನು ಕಳೆದುಕೊಂಡ ಮಗುವಿನ ಕೈಗೆ ಒಂದು ಮಾತೂ ಹೇಳದೆ ಅದನ್ನು ಕೊಡಲಾರೆ. (ಇಲ್ಲಿ ಎರಡೂ ಪುಸ್ತಕಗಳ ಗುಟ್ಟನ್ನು ನಾನೇ ಹೇಳಿಬಿಟ್ಟೆ. ಈ ಎರಡರ ಮಟ್ಟಿಗೆ ಅದು ಬಹಳ ಹಿಂದೆಯೇ ಊರೆಲ್ಲ ಹರಡಿದ ಗುಟ್ಟು ಎಂದು ಕ್ಷಮಿಸಿ.)

ಹಾಗಾಗಿ ನಾನು ಪಾಲಿಸುವ ಕ್ರಮ ಹೀಗಿದೆ. ಕಥೆಯಲ್ಲಿ ಸಾವು, ವಾಸಿಯಾಗದ ಕಾಯಿಲೆ, ತಂದೆ ತಾಯಿ ಬೇರೆಯಾಗುವುದು, ಪ್ರಾಣಿಗೆ ಹಿಂಸೆ ಇವುಗಳಲ್ಲಿ ಯಾವುದಾದರೂ ಇದ್ದರೆ ಮಗುವಿನ ಮನೆಯ ದೊಡ್ಡವರಿಗೆ ಬೇರೆಯಾಗಿ ತಿಳಿಸುತ್ತೇನೆ. ಮಗುವಿಗೆ, "ಇದರಲ್ಲಿ ಒಂದು ಕಡೆ ತುಂಬಾ ಬೇಜಾರಾಗುತ್ತೆ, ಬೇಕಾದ್ರೆ ಅಲ್ಲಿ ನಿಲ್ಲಿಸಿ ನನ್ನ ಹತ್ತಿರ ಬಾ" ಅಂತಷ್ಟೇ ಹೇಳುತ್ತೇನೆ. ಯಾರು, ಯಾವಾಗ, ಹೇಗೆ ಎಂಬುದು ಪುಸ್ತಕದ ಪಾಲಿಗೆ ಇರಲಿ. "ನಾಯಿ ಸಾಯುತ್ತಾ?" ಎಂದು ನೇರವಾಗಿ ಕೇಳುವ ಮಕ್ಕಳಿದ್ದಾರೆ. ಅವರಿಗೆ ನೇರವಾಗಿಯೇ ಉತ್ತರ ಕೊಡಿ. ಉತ್ತರ ತಿಳಿಯದೆ ಓದಲಾರದ ಮಗು ಉತ್ತರ ತಿಳಿದ ಮೇಲೆ ನೆಮ್ಮದಿಯಿಂದ ಓದುತ್ತದೆ, ಅದರಿಂದ ಖುಷಿ ಕಡಿಮೆಯಾದದ್ದನ್ನು ನಾನಂತೂ ಕಂಡಿಲ್ಲ.

ಗಟ್ಟಿಯಾಗಿ ಓದಿ

ಹಂಚಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಮತ್ತು ಓದು ಕಲಿತ ಮಕ್ಕಳಿಗೆ ಇದನ್ನು ಥಟ್ಟನೆ ನಿಲ್ಲಿಸಿಬಿಡುವುದು ದೊಡ್ಡವರು ಮಾಡುವ ದೊಡ್ಡ ತಪ್ಪು. ಹನ್ನೆರಡು ವರ್ಷದವರೂ ಕೇಳುತ್ತಾರೆ, ಕೇಳುತ್ತಿಲ್ಲ ಎಂಬ ಮುಖ ಮಾಡಿಕೊಂಡು.

ಒಂದು ಕೂರಿಕೆಗೆ ಹದಿನೈದು ಇಪ್ಪತ್ತು ನಿಮಿಷ. ಮೊದಲೇ ಒಮ್ಮೆ ಕಣ್ಣಾಡಿಸಿಕೊಂಡಿರಿ. ಉದ್ದದ ವಾಕ್ಯದ ನಡುವೆ ಉಸಿರು ಎಲ್ಲಿ ಎಳೆದುಕೊಳ್ಳಬೇಕು, ಸಂಭಾಷಣೆಯಲ್ಲಿ ಯಾರ ಮಾತು ಯಾವುದು ಎಂಬುದು ಗೊತ್ತಿರಬೇಕು. ಮನಸ್ಸಿಗೆ ಹಿತ ಅನ್ನಿಸುವುದಕ್ಕಿಂತ ತುಸು ನಿಧಾನವಾಗಿ ಓದಿ, ಯಾಕೆಂದರೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಓದುತ್ತೇವೆ. ಪ್ರತಿ ಪಾತ್ರಕ್ಕೂ ಒಂದೊಂದು ದನಿ ಮಾಡಲು ಹೋಗಬೇಡಿ. ಮೂರನೆಯ ಅಧ್ಯಾಯಕ್ಕೆ ಬರುವಾಗ ಮಂತ್ರಿಗೆ ಕೊಟ್ಟ ದನಿ ಯಾವುದು ಎಂಬುದೇ ಮರೆತಿರುತ್ತದೆ, ಮಕ್ಕಳು ಮರೆತಿರುವುದಿಲ್ಲ.

ನಿಲ್ಲಿಸುವ ಜಾಗ ಮುಖ್ಯ. ಅಧ್ಯಾಯ ಮುಗಿದಲ್ಲಿ ನಿಲ್ಲಿಸಿದರೆ ಎಲ್ಲರೂ ಆರಾಮಾಗಿ ಮಲಗುತ್ತಾರೆ. ಬಾಗಿಲು ತಟ್ಟಿದ ಸದ್ದಾಯಿತು ಎನ್ನುವಲ್ಲಿ ನಿಲ್ಲಿಸಿದರೆ ನಾಳೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಓದುತ್ತಾ ಗಂಟಲು ಕಟ್ಟಿದರೆ ಮುಚ್ಚಿಡಬೇಡಿ. 1970ರಲ್ಲಿ 'ಷಾರ್ಲಟ್ಸ್ ವೆಬ್' ಅನ್ನು ಧ್ವನಿಮುದ್ರಣಕ್ಕಾಗಿ ಓದುವಾಗ ಆ ಜೇಡದ ಸಾವಿನ ಭಾಗವನ್ನು ವೈಟ್ ಹಲವು ಸಲ ಮತ್ತೆ ಮತ್ತೆ ಓದಬೇಕಾಯಿತಂತೆ. ತಾನೇ ಬರೆದ ಕಥೆ, ಬರೆದು ಹದಿನೆಂಟು ವರ್ಷ ಕಳೆದಿತ್ತು, ಆದರೂ ದನಿ ಒಡೆಯುತ್ತಿತ್ತು.

ಕೇಳಬೇಕಾದ್ದು, ಕೇಳಬಾರದ್ದು

ಓದಿ ಮುಗಿಸಿದ ಮಗುವನ್ನು "ಇದರಿಂದ ಏನು ಕಲಿತೆ?" ಎಂದು ಕೇಳಬೇಡಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆ ಪ್ರಶ್ನೆ ಬಂದ ಕೂಡಲೇ ಕಾದಂಬರಿ ಪಾಠವಾಗುತ್ತದೆ, ನೀವು ಪರೀಕ್ಷಕರಾಗುತ್ತೀರಿ, ಮಗು ನಿಮಗೆ ಬೇಕಾದ ಉತ್ತರ ಒಪ್ಪಿಸಿ ಪಾರಾಗುತ್ತದೆ.

ಮಕ್ಕಳ ಜೊತೆ ಪುಸ್ತಕದ ಬಗ್ಗೆ ಮಾತಾಡುವ ಕ್ರಮವನ್ನೇ ಒಂದು ಪುಸ್ತಕವಾಗಿ ಬರೆದವರು ಬ್ರಿಟನ್ನಿನ ಏಡನ್ ಚೇಂಬರ್ಸ್. 'ಟೆಲ್ ಮಿ' ಎಂಬ ಅವರ ಪುಸ್ತಕ 1993ರಲ್ಲಿ ಬಂತು. ಅದರ ಬುನಾದಿ ನಾಲ್ಕು ಪ್ರಶ್ನೆ: ಏನು ಇಷ್ಟವಾಯಿತು, ಏನು ಇಷ್ಟವಾಗಲಿಲ್ಲ, ಏನು ಗೊಂದಲವೆನಿಸಿತು, ಯಾವುದು ಮತ್ತೆ ಮತ್ತೆ ಬಂದಂತೆ ಕಂಡಿತು. ಅವರು ದೂರವಿಡುವ ಪದವೊಂದಿದೆ, ಅದು "ಯಾಕೆ". ನಿಮಗೂ ಅನುಭವವಿರಬಹುದು: "ಯಾಕೆ ಇಷ್ಟವಾಯ್ತು?" ಅಂದರೆ ಮಗು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತದೆ. "ಇಷ್ಟವಾಯ್ತಾ? ಹೇಳು ಹೇಳು" ಅಂದರೆ ಅದೇ ಮಗು ನಿಲ್ಲದೆ ಹೇಳುತ್ತದೆ.

ನಾಲ್ಕರಲ್ಲಿ ನನಗೆ ಹೆಚ್ಚು ಫಲ ಕೊಟ್ಟದ್ದು ಗೊಂದಲದ ಪ್ರಶ್ನೆ. ನಿಮಗೂ ಅರ್ಥವಾಗದ್ದನ್ನು ಮೊದಲು ನೀವೇ ಹೇಳಿಬಿಡಿ. ಲೂಯಿಸ್ ಸ್ಯಾಕರ್ ಅವರ 'ಹೋಲ್ಸ್' (1998, ಮರುವರ್ಷ ನ್ಯೂಬೆರಿ ಪಡೆದದ್ದು) ಇದಕ್ಕೆ ಹೇಳಿ ಮಾಡಿಸಿದ ಪುಸ್ತಕ. ಬೇರೆ ಬೇರೆ ಕಾಲದ ಕಥೆಗಳು ಅಕ್ಕಪಕ್ಕ ಸಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆ ಎಳೆಗಳನ್ನು ಕೂಡಿಸುವುದರಲ್ಲಿ ಹನ್ನೊಂದು ವರ್ಷದವರು ನನ್ನನ್ನು ಸಲೀಸಾಗಿ ಹಿಂದೆ ಹಾಕಿದ್ದಾರೆ. ನಾನು ತಪ್ಪು ಊಹೆ ಮಾಡಿದಾಗ ಅವರ ಮುಖದಲ್ಲಿ ಕಾಣುವ ಕರುಣೆಯನ್ನು ವರ್ಣಿಸಲಾರೆ.

ಕೆಲವು ಮಕ್ಕಳು ಕಥೆಯನ್ನು ಮೊದಲಿಂದ ಕೊನೆವರೆಗೂ "ಆಮೇಲೆ... ಆಮೇಲೆ..." ಎಂದು ಒಪ್ಪಿಸುತ್ತಾರೆ. ಬೇಸರ ಬಂದರೂ ಕೇಳಿ. ಎಲ್ಲಿ ನಿಧಾನವಾದರು, ಎಲ್ಲಿ ಹಾರಿಸಿದರು ಎಂಬುದರಲ್ಲೇ ಅವರಿಗೆ ಯಾವ ಜಾಗ ಹಿಡಿಸಿತು ಎಂಬುದು ತಿಳಿಯುತ್ತದೆ. ಇನ್ನು ಕೆಲವರು ಏನೂ ಹೇಳುವುದಿಲ್ಲ. ಅದೂ ಸರಿಯೇ. ಫ್ರೆಂಚ್ ಲೇಖಕ ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳ ಪಟ್ಟಿ ಮಾಡಿದರು. ಓದದಿರುವುದು, ಪುಟ ಹಾರಿಸುವುದು, ಅರ್ಧಕ್ಕೇ ಬಿಡುವುದು, ಮತ್ತೆ ಓದುವುದು ಎಲ್ಲ ಅದರಲ್ಲಿವೆ. ಕೊನೆಯ ಹಕ್ಕು, ಸುಮ್ಮನಿರುವುದು.

ಗುಂಪು ಕಟ್ಟುವುದಾದರೆ

ಆರರಿಂದ ಎಂಟು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತಾಡುವ ಮೂವರು, ಕೇಳುವ ಉಳಿದವರು ಎಂದಾಗುತ್ತದೆ. ಮಕ್ಕಳಿದ್ದರೆ ಮುಕ್ಕಾಲು ಗಂಟೆ, ದೊಡ್ಡವರಷ್ಟೇ ಆದರೆ ನಿಮ್ಮ ಇಷ್ಟ. ಒಂದು ಕಾದಂಬರಿಗೆ ನಾಲ್ಕರಿಂದ ಆರು ವಾರ ಬಿಡುವು ಕೊಡಿ. ಮುಗಿಸದವರೂ ಬರಬಹುದು ಎಂದು ಮೊದಲ ದಿನವೇ ಹೇಳಿಬಿಡಿ, ಇಲ್ಲದಿದ್ದರೆ ಮೂರನೆಯ ಸಲಕ್ಕೆ ಗುಂಪು ಅರ್ಧವಾಗಿರುತ್ತದೆ.

ಎಲ್ಲರೂ ಒಂದೇ ಪುಸ್ತಕ ಓದುವುದು ಒಂದು ಬಗೆ. ಅದಕ್ಕೆ ಹಲವು ದನಿಗಳ ಕಾದಂಬರಿ ಒಳ್ಳೆಯದು. ಆರ್. ಜೆ. ಪಲಾಸಿಯೊ ಅವರ 'ವಂಡರ್' (2012) ಕಥೆಯನ್ನು ಮುಖದಲ್ಲಿ ಹುಟ್ಟಿನಿಂದಲೇ ವ್ಯತ್ಯಾಸವಿರುವ ಹುಡುಗನೊಬ್ಬನೇ ಹೇಳುವುದಿಲ್ಲ, ಅವನ ಅಕ್ಕ, ಗೆಳೆಯರೂ ಸರದಿಯಲ್ಲಿ ಹೇಳುತ್ತಾರೆ. ಒಬ್ಬೊಬ್ಬರು ಒಂದೊಂದು ದನಿಯ ಪಕ್ಷ ವಹಿಸಿ ಮಾತಾಡಿದರೆ ಜಗಳ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಅಕ್ಕನ ಪರ ಯಾರೂ ಇಲ್ಲದಿದ್ದರೆ ನೀವು ನಿಲ್ಲಿ.

ಒಂದೇ ಪುಸ್ತಕದ ಪ್ರತಿಗಳು ಸಿಗದಿದ್ದರೆ ಒಂದೇ ಎಳೆ ಹಿಡಿಯಿರಿ: ಮನೆ ಬಿಟ್ಟು ಹೋದವರು, ಮಾತಾಡುವ ಪ್ರಾಣಿಗಳು, ಹೊಸ ಶಾಲೆಯ ಮೊದಲ ದಿನ. ಪ್ರತಿಯೊಬ್ಬರೂ ತಮಗೆ ಬೇಕಾದ ಪುಸ್ತಕ ಓದಿ, ಚೀಟಿ ಇಟ್ಟ ಒಂದು ಪುಟವನ್ನು ತಂದು ಓದಲಿ. ನನಗೆ ಈ ಬಗೆಯೇ ಹೆಚ್ಚು ಇಷ್ಟ. ಮನೆಗೆ ಹೋಗುವಾಗ ಎಲ್ಲರ ಕೈಯಲ್ಲೂ ಇನ್ನೊಬ್ಬರ ಪುಸ್ತಕ ಇರುತ್ತದೆ.

ಪುಸ್ತಕ ಆರಿಸುವ ಸರದಿ ಮಕ್ಕಳಿಗೂ ಬರಲಿ. ಆಗ ಅವರು ಇಪ್ಪತ್ತು ಭಾಗಗಳ ಸರಣಿಯ ಹದಿಮೂರನೆಯದನ್ನು ಆರಿಸಿದರೆ ಮುಖ ಸಿಂಡರಿಸದೆ ಓದಿ. ಪುಸ್ತಕಗಳು ಮಕ್ಕಳಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು ಅಮೆರಿಕದ ಮಕ್ಕಳ ಸಾಹಿತ್ಯ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ತನ್ನಂಥವರು ಕಾಣಿಸುವ ಪುಸ್ತಕ, ತನ್ನಂತಿಲ್ಲದವರ ಬಾಳು ಕಾಣಿಸುವ ಪುಸ್ತಕ ಎರಡೂ ಪಟ್ಟಿಯಲ್ಲಿವೆಯೇ ಎಂದು ವರ್ಷಕ್ಕೊಮ್ಮೆ ನೋಡಿಕೊಳ್ಳಿ. ಪಟ್ಟಿಯಲ್ಲಿರುವುದೆಲ್ಲ ಒಂದೇ ಬಗೆಯ ಮಕ್ಕಳ ಕಥೆಯಾಗಿದ್ದರೆ ಅದು ಯಾರೋ ಒಬ್ಬರಿಗೆ ಬರೀ ಕನ್ನಡಿ, ಇನ್ನೊಬ್ಬರಿಗೆ ಬರೀ ಕಿಟಕಿ.

ಬರೆದು ಹೇಳುವಾಗ

ಎಂಟು ಹತ್ತು ಸಾಲು ಸಾಕು. ಆ ಒಂದು ಜಾಗ, ನಾಯಕ ಅಥವಾ ನಾಯಕಿಯ ವಯಸ್ಸು, ಪುಟಗಳ ಸಂಖ್ಯೆ, ಅನುವಾದವಾದರೆ ಅನುವಾದಕರ ಹೆಸರು (ಇದನ್ನು ಮರೆಯುವವರೇ ಹೆಚ್ಚು), ಮನಸ್ಸು ಕಲಕುವ ವಿಷಯವಿದ್ದರೆ ಒಂದು ಮಾತು. "ಎಲ್ಲ ವಯಸ್ಸಿನವರೂ ಓದಬಹುದು" ಎಂದು ಬರೆಯಬೇಡಿ, ಅದರಿಂದ ಯಾವ ವಯಸ್ಸಿನವರಿಗೂ ಏನೂ ತಿಳಿಯುವುದಿಲ್ಲ. ಇಷ್ಟವಾಗದ್ದನ್ನೂ ಬರೆಯಿರಿ. ನಡುವಿನ ಮೂರು ಅಧ್ಯಾಯ ಎಳೆಯುತ್ತದೆ ಎಂದು ಒಪ್ಪಿಕೊಂಡವರ ಹೊಗಳಿಕೆಯನ್ನು ಜನ ನಂಬುತ್ತಾರೆ. ಪುಸ್ತಕದ ಪುಟಗಳನ್ನೆಲ್ಲ ಫೋಟೋ ತೆಗೆದು ಕಳಿಸುವುದು ಮಾತ್ರ ಹಂಚಿಕೆಯಲ್ಲ, ಬರೆದವರ ಅನ್ನಕ್ಕೆ ಕೈ ಹಾಕುವುದು.

ಹಿಡಿಸದಿದ್ದರೆ

ನಿಮ್ಮ ಪ್ರಾಣದ ಪುಸ್ತಕವನ್ನು ಮಗು ಇಪ್ಪತ್ತನೆಯ ಪುಟಕ್ಕೆ ಕೈಬಿಡುತ್ತದೆ. ಆಗುತ್ತದೆ. ಚಿಕ್ಕಂದಿನಲ್ಲಿ ಓದಿದ್ದನ್ನು ಕೊಡುವ ಮುಂಚೆ ನೀವೇ ಮತ್ತೊಮ್ಮೆ ಓದಿ ನೋಡಿ. ಕೆಲವು ಹಳೆಯ ಕಾದಂಬರಿಗಳಲ್ಲಿ ಹುಡುಗಿಯರನ್ನು, ಬೇರೆ ಬಣ್ಣದವರನ್ನು ಕಾಣುವ ರೀತಿ ಈಗ ಓದಿದರೆ ಕಸಿವಿಸಿಯಾಗುತ್ತದೆ, ಆಗ ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಂಥದ್ದನ್ನು ಜೊತೆಗೆ ಕೂತು ಓದಬಹುದು, ಒಂಟಿಯಾಗಿ ಕೊಟ್ಟುಬಿಡುವುದು ಬೇಡ. ಬರೀ ನಿಧಾನ ಎಂಬ ಕಾರಣಕ್ಕೆ ಬಿಟ್ಟಿದ್ದರೆ ಒಂದು ವರ್ಷ ಕಪಾಟಿನಲ್ಲಿಟ್ಟು, ಏನೂ ಹೇಳದೆ, ಕಣ್ಣಿಗೆ ಬೀಳುವ ಜಾಗಕ್ಕೆ ತಂದಿಡಿ.

ಕೊನೆಯದಾಗಿ ಎರವಲಿನ ಸಂಗತಿ. ಕೊಟ್ಟ ಪುಸ್ತಕ ಹಿಂತಿರುಗುತ್ತದೆ ಎಂದು ಎಣಿಸಬೇಡಿ. ಬಿಟ್ಟಿರಲಾರದ ಪ್ರತಿಯನ್ನು ಕೊಡಬೇಡಿ, ಇನ್ನೊಂದು ಹಳೆಯ ಪ್ರತಿ ಹುಡುಕಿ ಅದನ್ನು ಕೊಡಿ. ಒಳಗಿನ ಚೀಟಿಗಳನ್ನು ತೆಗೆಯದೆ ಕೊಟ್ಟರೆ ಇನ್ನೂ ಚೆಂದ. ಎಂಟು ತಿಂಗಳು ಮೇಜಿನ ಮೇಲಿದ್ದ ಆ ಪುಸ್ತಕ ಅಕ್ಕನ ಮಗಳಿಂದ ಅವಳ ಗೆಳತಿಗೆ, ಆ ಗೆಳತಿಯಿಂದ ಅವಳ ತಮ್ಮನಿಗೆ ಹೋಗಿ ಎರಡು ವರ್ಷಕ್ಕೆ ನನ್ನ ಬಳಿ ಬಂತು. ನನ್ನ ಏಳು ಚೀಟಿಗಳ ನಡುವೆ ಬೇರೆ ಬೇರೆ ಕೈಬರಹದ ಇನ್ನೊಂದಿಷ್ಟು ಸೇರಿಕೊಂಡಿದ್ದವು. ಅವುಗಳಲ್ಲೊಂದು ಪೆನ್ಸಿಲ್ಲಿನಲ್ಲಿ, ಅಕ್ಷರ ಸೊಟ್ಟ: "ಈ ನಾಯಿ ಆಮೇಲೆ ಎಲ್ಲಿ ಹೋಯ್ತು?" ನಾಲ್ಕು ಸಲ ಓದಿದ್ದ ಪುಸ್ತಕ. ಮೊದಲಿಂದ ತಿರುವಿ ನೋಡಿದೆ. ಮೂರನೆಯ ಅಧ್ಯಾಯದಲ್ಲಿ ಅಂಗಳಕ್ಕೆ ಬಂದು ಬಾಲ ಅಲ್ಲಾಡಿಸಿದ ನಾಯಿ ಆಮೇಲೆ ಇಡೀ ಕಥೆಯಲ್ಲಿ ಎಲ್ಲೂ ಇಲ್ಲ.